ಕಚ್ಚಿಟ್ಟ ರೊಟ್ಟಿಯ ಕಳವು

ಎರಡನೆಯ ಮಹಾಯುದ್ಧ ಮುಗಿದ ಆರನೆಯ ವಸಂತದಲ್ಲಿ ಫರ್ಗಾನಾ ಕಣಿವೆಯ ಜಿಲ್ಲಾ ಪತ್ರಿಕೆಯ ಕೊನೆಯ ಪುಟದಲ್ಲಿ ಮೂರು ಕಳವಿನ ಸುದ್ದಿಗಳು ಒಟ್ಟಿಗೆ ಅಚ್ಚಾದವು. ಒಂದು ಹಳ್ಳಿಯಲ್ಲಿ ಕಳ್ಳನೊಬ್ಬ ಟಗರನ್ನು ಕೊಟ್ಟಿಗೆಯಲ್ಲೇ ಬಿಟ್ಟು ಅದರ ಕೊಬ್ಬಿನ ಬಾಲವನ್ನು ಮಾತ್ರ ಕೊಯ್ದುಕೊಂಡು ಹೋಗಿದ್ದ. ಇನ್ನೊಬ್ಬ ಮಹಾಶಯ ಕದ್ದ ಬಿಳಿ ಕತ್ತೆಗೆ ಅಕ್ರೋಟದ ಸಿಪ್ಪೆಯ ಬಣ್ಣ ಬಳಿದು ಸಂತೆಯಲ್ಲಿ ಅದರ ಯಜಮಾನನಿಗೇ ಮಾರಿದ್ದ. ಮನೆಗೆ ಬಂದ ಕತ್ತೆ ಯಾರೂ ಹೇಳದೆಯೇ ತನ್ನ ಹಳೆಯ ಗೂಟದ ಹತ್ತಿರ ಹೋಗಿ ನಿಂತಾಗ ಗುಟ್ಟು ರಟ್ಟಾಯಿತು.

ಮೂರನೆಯ ಸುದ್ದಿ ಮಾರ್ಗಿಲಾನಿನ ಒಂದು ಕೇರಿಯದು. ಹಾಡಹಗಲಲ್ಲಿ ಕಳ್ಳ ರಿಸೋಲತ್ ಎಂಬ ಮುದುಕಿಯ ಮನೆ ಹೊಕ್ಕಿದ್ದಾನೆ. ಹೊಲಿಗೆ ಯಂತ್ರ ಮುಟ್ಟಿಲ್ಲ, ಚಹಾ ಕಾಯಿಸುವ ತಾಮ್ರದ ಸಮೋವಾರ್ ಮುಟ್ಟಿಲ್ಲ, ಪೆಟ್ಟಿಗೆಯ ಮೇಲೆ ಒಟ್ಟಿದ್ದ ರಜಾಯಿಗಳನ್ನು ಮುಟ್ಟಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದ, ಒಂದು ಕಡೆ ಕಚ್ಚಿದ್ದ, ಒಣಗಿ ಕಲ್ಲಾಗಿದ್ದ ಒಂದೇ ಒಂದು ರೊಟ್ಟಿಯನ್ನು ಹೊತ್ತೊಯ್ದಿದ್ದಾನೆ. 'ಚೇಳು' ಎಂದು ಹೆಸರಿಟ್ಟುಕೊಂಡು ಊರನ್ನೆಲ್ಲ ಕುಟುಕುತ್ತಿದ್ದ ಆ ಪುಟದ ಅಂಕಣಕಾರ ಕೊನೆಗೊಂದು ಮಾತು ಸೇರಿಸಿದ್ದ: ಕಳ್ಳನ ಹಲ್ಲು ಈಗ ಮುರಿದಿರಬೇಕು, ದಂತವೈದ್ಯರು ಕಣ್ಣಿಟ್ಟಿರಲಿ.

ಕಣಿವೆಯೆಲ್ಲ ನಕ್ಕಿತು. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಮಧ್ಯಾಹ್ನದ ಬಿಡುವಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯಿತ್ತು. ಅಲ್ಲಿಯೂ ಹೆಂಗಸರು ಬಿದ್ದು ಬಿದ್ದು ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರ ನಡುವೆ ಕೂತಿದ್ದ ಸನೋಬರ್ ಹೆಗಲು ಮುಟ್ಟಲಿಲ್ಲ, ಹೊಟ್ಟೆ ಮುಟ್ಟಿಕೊಂಡಳು. ರೊಟ್ಟಿ ಅಲ್ಲೇ ಇತ್ತು. ಬಟ್ಟೆಯಲ್ಲಿ ಸುತ್ತಿ, ಅಂಗಿಯ ಒಳಗೆ, ನಡುವಿಗೆ ಬಿಗಿದು ಕಟ್ಟಿಕೊಂಡಿದ್ದಳು. ಅವಳು ರಿಸೋಲತಳ ಸೊಸೆ.

ಕಳ್ಳ ಯಾರೆಂದು ತಿಳಿದರೆ ಪತ್ರಿಕೆಗೆ ಸುದ್ದಿ ಮುಗಿಯುತ್ತದೆ. ಕಥೆ ಶುರುವಾಗುವುದು ಅಲ್ಲಿಂದ.

ಆ ಸೀಮೆಯಲ್ಲಿ ಮಗ ದಂಡಿಗೆ ಹೊರಟ ದಿನ ತಾಯಿ ರೊಟ್ಟಿ ಸುಡುತ್ತಾಳೆ. ಅವನು ಹೊಸ್ತಿಲ ಮೇಲೆ ನಿಂತು ಒಂದೇ ಒಂದು ತುತ್ತು ಕಚ್ಚಿ ಹೊರಡುತ್ತಾನೆ. ಉಳಿದದ್ದು ಗೋಡೆ ಸೇರುತ್ತದೆ. ಬಿಟ್ಟುಹೋದ ಅನ್ನದ ಋಣ ಮನುಷ್ಯನನ್ನು ಎಲ್ಲಿದ್ದರೂ ಎಳೆದು ತರುತ್ತದೆ ಎಂಬ ನಂಬಿಕೆ. ಅವನು ಬಂದು ತಿಂದು ಮುಗಿಸುವವರೆಗೆ ಅದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ಸನೋಬರಳ ಗಂಡ ತುರ್ಗುನ್ ಹೊರಟದ್ದು ಮದುವೆಯಾದ ವರ್ಷವೇ, ಹಿಪ್ಪುನೇರಳೆ ಹಣ್ಣು ಉದುರುವ ಕಾಲದಲ್ಲಿ. ಚಿಕ್ಕಂದಿನಲ್ಲಿ ಕತ್ತೆ ಒದ್ದು ಅವನ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಹಾಗಾಗಿ ಕಚ್ಚಿದ ಜಾಗದ ಸರಿಯಾಗಿ ನಡುವೆ ಒಂದು ಚೂಪಾದ ಏಣು ಉಳಿದುಕೊಂಡಿತು. ಅವನೊಂದಿಗೆ ಅವಳು ಬಾಳಿದ್ದು ಕೆಲವೇ ತಿಂಗಳು. ಫೋಟೋ ಒಂದೂ ಇರಲಿಲ್ಲ. ವರ್ಷ ಕಳೆದಂತೆ ಗಂಡನ ಮುಖ ಮಸುಕಾಯಿತು, ದನಿ ಮರೆತುಹೋಯಿತು, ಆ ಕಚ್ಚು ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಸತ್ತನೆಂದು ಕಾಗದ ಬಂದ ಮನೆಗಳಲ್ಲಿ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಗೋಡೆಯ ರೊಟ್ಟಿ ಇಳಿಸಿ, ನೆನೆಸಿ, ನೆಂಟರೆಲ್ಲ ಒಂದೊಂದು ಚೂರು ತಿಂದು ಕೈತೊಳೆದುಕೊಂಡರು. ಕೆಲವರು ಮತ್ತೆ ಮದುವೆಯಾದರು. ಈ ಮನೆಗೆ ಬಂದ ಕಾಗದದಲ್ಲಿ ಇದ್ದದ್ದು 'ಸುದ್ದಿಯಿಲ್ಲದೆ ಕಾಣೆ' ಎಂದು. ಸತ್ತವನಲ್ಲ, ಬದುಕಿದವನಲ್ಲ. ಸನೋಬರ್ ವಿಧವೆಯಲ್ಲ, ಹೆಂಡತಿಯೂ ಅಲ್ಲ. ಒಮ್ಮೆ ಅವಳ ಕಣ್ಣಲ್ಲಿ ನೀರು ಕಂಡು ರಿಸೋಲತ್ ತಲೆಬಟ್ಟೆಯ ಸೆರಗಿನಿಂದ ಒರೆಸಿ, ಅಳಬೇಡ ಮಗಾ, ರೊಟ್ಟಿ ತೂಗ್ತಾ ಇದೆ ಎಂದಿದ್ದಳು. ಆಮೇಲೆ ಆ ಮನೆಯಲ್ಲಿ ಯಾರೂ ಅಳಲಿಲ್ಲ.

ಅತ್ತೆ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಬೈದವಳನ್ನು ಬಿಟ್ಟು ಹೋಗಬಹುದು, ಹೊಡೆದವಳನ್ನು ಶಪಿಸಿ ಹೋಗಬಹುದು. ರಿಸೋಲತ್ ಹಾಲಿನ ಕೆನೆಯನ್ನು ಸೊಸೆಗೆ ಎತ್ತಿಡುವವಳು. ಚಳಿಗಾಲದಲ್ಲಿ ಅವಳ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಿಸಿ ಮಾಡುವವಳು. ಬಿಸಿನೀರಲ್ಲಿ ಗೂಡು ಕೆದಕಿ ಕೆದಕಿ ಸುಕ್ಕುಗಟ್ಟಿದ ಸೊಸೆಯ ಬೆರಳುಗಳಿಗೆ ಕೊಬ್ಬು ಸವರುವವಳು. ಬದಲಿಗೆ ಅವಳು ಕೇಳುತ್ತಿದ್ದದ್ದು ಇಷ್ಟೇ: ಕೆಲಸದಿಂದ ಬಂದೊಡನೆ ಗೋಡೆಗೆ ತಿರುಗಿ ರೊಟ್ಟಿಗೊಂದು ಸಲಾಂ ಹೇಳಬೇಕು. ಶುಕ್ರವಾರ ಅದರ ಕೆಳಗೆ ಧೂಪ ಹಿಡಿಯಬೇಕು. ಇಷ್ಟಕ್ಕೆ ಇಲ್ಲ ಎನ್ನುವುದು ಹೇಗೆ? ಪ್ರೀತಿಯ ಹಗ್ಗಕ್ಕೆ ಗಂಟು ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ, ಬಿಚ್ಚುವುದು ದೂರದ ಮಾತು.

ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಅಶೂರ್. ಯುದ್ಧದಿಂದ ಒಂದು ಕಾಲು ಕುಂಟಾಗಿ ಬಂದವನು, ಬಾಯಿ ಮಾತ್ರ ನೆಟ್ಟಗಿತ್ತು. ಸನೋಬರಳ ತೊಟ್ಟಿಗೆ ಬಿಸಿನೀರು ಯಾವತ್ತೂ ಕಡಿಮೆಯಾಗದಂತೆ ನೋಡಿಕೊಳ್ಳುತ್ತಿದ್ದ. ಪಕ್ಕದ ತೊಟ್ಟಿಯವಳು, ನಮಗೆ ಉಗುರುಬೆಚ್ಚಗೆ, ಅವಳಿಗೆ ಕುದಿ ಕುದಿ, ಇದ್ಯಾವ ನ್ಯಾಯವೋ ಎಂದು ಛೇಡಿಸಿದರೆ, ಅವಳ ಗೂಡು ಗಟ್ಟಿ ಕಣಕ್ಕಾ, ಬೇಗ ಬಿಚ್ಚಲ್ಲ ಎನ್ನುತ್ತಿದ್ದ. ಸನೋಬರ್ ತಲೆ ಎತ್ತುತ್ತಿರಲಿಲ್ಲ. ಆದರೆ ಅವನು ಕುಂಟುವ ಸಪ್ಪಳ ದೂರದಿಂದಲೇ ಅವಳಿಗೆ ಗುರುತು ಸಿಗುತ್ತಿತ್ತು, ಮತ್ತು ಆ ಸಪ್ಪಳ ಬಾರದ ದಿನ ದಿನವೇ ಸಾಗುತ್ತಿರಲಿಲ್ಲ.

ಆ ವಸಂತದಲ್ಲಿ ಅವನಿಗೆ ಖೊಜೆಂಟಿನ ಹೊಸ ಕಾರ್ಖಾನೆಗೆ ಕರೆ ಬಂತು. ಜರ್ದಾಳು ಹಣ್ಣಾಗುವ ಹೊತ್ತಿಗೆ ಹೊರಡಬೇಕು. ಅವನು ತನ್ನ ಚಿಕ್ಕಮ್ಮನನ್ನು ಹೆಣ್ಣು ಕೇಳಲು ಕಳಿಸಿದ. ಆಕೆ ಪದ್ಧತಿಯಂತೆ ಎರಡು ಹೊಸ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ಎರಡೂ ಕಡೆಯವರು ಒಟ್ಟಿಗೆ ಆ ರೊಟ್ಟಿ ಮುರಿದರೆ ಮಾತು ಗಟ್ಟಿಯಾದ ಹಾಗೆ. ಬಂದವಳು ಕೂತಳು, ಗಂಟು ಬಿಚ್ಚಿದಳು, ತಲೆ ಎತ್ತಿ ಗೋಡೆ ನೋಡಿದಳು. ರಿಸೋಲತ್ ಚಹಾ ಬಗ್ಗಿಸುತ್ತಿದ್ದಳು.

"ಒಂದು ರೊಟ್ಟಿ ತೂಗ್ತಿರೋ ಮನೇಲಿ ಇನ್ನೊಂದು ರೊಟ್ಟಿ ಹೆಂಗೆ ಮುರೀಲಿ ಅಕ್ಕಾ? ನನ್ನ ಕೈಲಾಗಲ್ಲ," ಎಂದು ಚಿಕ್ಕಮ್ಮ ಗಂಟು ಮತ್ತೆ ಕಟ್ಟಿಕೊಂಡು, ಚಹಾ ಕುಡಿಯದೆ ಎದ್ದು ಹೋದಳು.

ಅಶೂರ್ ಕಾನೂನಿನ ಮಾತಾಡಿದ. ಕಾಣೆಯಾದವನ ಹೆಂಡತಿಗೆ ಕೋರ್ಟು ಒಂದೇ ದಿನದಲ್ಲಿ ಬಿಡುಗಡೆ ಕೊಡುತ್ತದೆ, ನೋಂದಣಿ ಕಚೇರಿಯವರು ಗೋಡೆ ನೋಡುವುದಿಲ್ಲ ಎಂದ. ಸನೋಬರ್, ಅವನನ್ನು ಮರ್ಯಾದೆಗೆ ಅಕಾ ಎಂದೇ ಕರೆಯುತ್ತಿದ್ದವಳು, ಕಾಗದ ಅವರು ಹರಿದುಕೊಡ್ತಾರೆ ಅಕಾ, ರೊಟ್ಟಿ ಇಳಿಸೋರು ಯಾರು ಎಂದು ಕೇಳಿದಳು. ಅವನೂ ಅದೇ ಕಣಿವೆಯ ಅನ್ನ ತಿಂದು ಬೆಳೆದವನು.

ಇಳಿಸಿದವಳು ಅವಳೇ. ಅತ್ತೆ ಪಕ್ಕದ ಕೇರಿಗೆ ಬಾಣಂತಿ ನೋಡಲು ಹೋಗಿದ್ದ ಒಂದು ಮಧ್ಯಾಹ್ನ, ಪೆಟ್ಟಿಗೆಯ ಮೇಲೆ ಹತ್ತಿ, ದಾರ ಬಿಚ್ಚಿ, ರೊಟ್ಟಿ ತೆಗೆದು ತಲೆಬಟ್ಟೆಯ ಸೆರಗಿನಲ್ಲಿ ಮುಚ್ಚಿಕೊಂಡು ಕಾಲುವೆಯ ಕಡೆ ನಡೆದಳು. ನೀರಿಗೆ ಎಸೆದರೆ ಮುಗಿಯಿತು ಎಂಬುದು ಲೆಕ್ಕ. ರೊಟ್ಟಿ ಹೋಯಿತು, ಋಣ ಹೋಯಿತು, ಅತ್ತೆ ಒಂದಷ್ಟು ದಿನ ಅಳುತ್ತಾಳೆ, ಅತ್ತರೆ ಅವಳಿಗೂ ಒಳ್ಳೆಯದೇ.

ದಡದಲ್ಲಿ ನಿಂತು ಕೈ ಎತ್ತಿದಳು. ಕೈ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಬೀದಿಯಲ್ಲಿ ರೊಟ್ಟಿಯ ಚೂರು ಬಿದ್ದಿದ್ದರೂ ಹೆಕ್ಕಿ, ಮುತ್ತಿಟ್ಟು, ಕಣ್ಣಿಗೊತ್ತಿಕೊಂಡು, ಯಾರ ಕಾಲೂ ತಾಗದ ಗೋಡೆಯ ಮೇಲಿಡುವುದನ್ನು ನಡೆಯಲು ಕಲಿತಾಗಿನಿಂದ ಕಲಿತ ಕೈ ಅದು. ಮಗುಚಿ ಇಟ್ಟ ರೊಟ್ಟಿ ಕಂಡರೆ ನಿದ್ದೆಯಲ್ಲೂ ಸರಿಮಾಡುವ ಕೈ. ನೀರಿಗೆ ಎಸೆಯಲಾರದೆ ಮನೆಗೆ ಬಂದು ತಂದೂರಿನ ಮುಂದೆ ನಿಂತಳು. ಬೆಂಕಿಯಿಂದ ಹುಟ್ಟಿದ್ದನ್ನು ಬೆಂಕಿಗೇ ಹಾಕುವುದೇ? ಮಣ್ಣಿನಲ್ಲಿ ಹೂತರೆ ಕಾಲಡಿಗೆ ಬಂತು, ಅದು ಇನ್ನೂ ದೊಡ್ಡ ಪಾಪ. ಹಕ್ಕಿಗೆ ಹಾಕೋಣವೆಂದರೆ ಯಾವ ಹಕ್ಕಿಯ ಕೊಕ್ಕಿಗೂ ಬಗ್ಗುವಂಥದ್ದಲ್ಲ. ಬೇರೆ ಯಾವ ದೇಶದ ಕಳ್ಳನಾದರೂ ಕಸದ ತೊಟ್ಟಿಗೆ ಹಾಕಿ ಕೈ ಕೊಡವಿಕೊಂಡು ಹೋಗುತ್ತಿದ್ದ. ಇವಳಿಗೆ ಕದಿಯುವಷ್ಟು ಧೈರ್ಯವಿತ್ತು, ಎಸೆಯುವಷ್ಟು ಇರಲಿಲ್ಲ. ಬಾಗಿಲಲ್ಲಿ ಅತ್ತೆಯ ಕೆಮ್ಮು ಕೇಳಿತು. ರೊಟ್ಟಿ ಅಂಗಿಯೊಳಗೆ ಹೋಯಿತು.

ರಿಸೋಲತ್ ಖಾಲಿ ಮೊಳೆ ನೋಡಿದಳು. ಮೊಳೆಯ ಕೆಳಗೆ ಕೂತು, ಮಳೆ ಬರುತ್ತದೋ ನೋಡುವವರ ಹಾಗೆ ಅಂಗೈ ಚಾಚಿಕೊಂಡು ಬಹಳ ಹೊತ್ತು ಇದ್ದಳು. ಆಮೇಲೆ ಎದ್ದು, ಜನ್ಮದಲ್ಲಿ ಠಾಣೆಯ ಮುಖ ನೋಡದವಳು, ಕೋಲೂರಿಕೊಂಡು ಠಾಣೆಗೆ ಹೋದಳು.

ಠಾಣೆಯ ಅಧಿಕಾರಿ ಕೋಬಿಲ್ ಮೊದಲು ನಕ್ಕನಂತೆ. ನಂತರ ಟೋಪಿ ತೆಗೆದು ಮೇಜಿನ ಮೇಲಿಟ್ಟನಂತೆ. ನಮ್ಮ ಮನೇಲೂ ಒಂದು ತೂಗ್ತಿದೆ ಖಾಲಾ, ನನ್ನ ತಮ್ಮಂದು ಎಂದನಂತೆ. ನಗುವವನಾಗಿಯೇ ಉಳಿದಿದ್ದರೆ ಸನೋಬರ್ ಬಚಾವಾಗುತ್ತಿದ್ದಳು. ಅವನು ಪ್ರಾಮಾಣಿಕ. ಮನೆಗೆ ಬಂದು ಮೊಳೆ ನೋಡಿದ, ಪೆಟ್ಟಿಗೆ ನೋಡಿದ, ನೆರೆಹೊರೆ ಕೇಳಿದ. ಈ ರೊಟ್ಟಿ ಹೋದರೆ ಲಾಭ ಯಾರಿಗೆ ಎಂದು ಕೇಳಿದಾಗ ಕೇರಿಯ ಬಾಯಿಗಳೆಲ್ಲ ಒಂದೇ ಕಡೆ ತಿರುಗಿದವು. ಅಶೂರ್‌ಗೆ ಕರೆ ಹೋಯಿತು.

ಅವನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. "ನಾನು ಕದಿಯೋದಾಗಿದ್ರೆ ರೊಟ್ಟಿ ಯಾಕೆ ಕದೀಲಿ, ಸೊಸೆಯನ್ನೇ ಕದೀತಿದ್ದೆ," ಎಂದುಬಿಟ್ಟ. ಮುಂದಿನ ವಾರ ಚೇಳಿನ ಅಂಕಣದಲ್ಲಿ ಆ ಮಾತೇ ತಲೆಬರಹ. ಕಣಿವೆ ಮತ್ತೆ ನಕ್ಕಿತು. ಕೋಬಿಲ್ ನಗಲಿಲ್ಲ. ರೊಟ್ಟಿ ಸಿಗುವವರೆಗೆ ಊರು ಬಿಡುವ ಹಾಗಿಲ್ಲ ಎಂದು ಅವನ ಗುರುತಿನ ಪತ್ರ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಹೀಗೆ ಬಿಡಿಸಿಕೊಳ್ಳಲು ಹೋದವಳು ಬಿಡಿಸಬೇಕಾದವನನ್ನೂ ಕಟ್ಟಿಹಾಕಿದಳು. ರೊಟ್ಟಿ ಹೊರಗೆ ತಂದರೆ ಅದು ಮತ್ತೆ ಗೋಡೆ ಏರುತ್ತದೆ, ಅವಳ ಜೀವಮಾನ ಅದರ ಕೆಳಗೆ ಕಳೆಯುತ್ತದೆ, ಅದೂ ಕಳ್ಳಿಯೆಂಬ ಹೆಸರು ಹೊತ್ತುಕೊಂಡು. ತರದಿದ್ದರೆ ಅಶೂರ್ ಹೋಗುವ ಹಾಗಿಲ್ಲ, ಹೊಸ ಕೆಲಸ ಇನ್ನೊಬ್ಬರ ಪಾಲು. ಬಾಯಲ್ಲಿ ಬಿಸಿತುಪ್ಪ ಎನ್ನುತ್ತಾರಲ್ಲ, ಇವಳದು ಹೊಟ್ಟೆಯ ಮೇಲೆ. ರಾತ್ರಿ ಅತ್ತೆಯ ಪಕ್ಕದಲ್ಲೇ ಮಲಗಬೇಕು. ಹಗಲು ತೊಟ್ಟಿಯ ಮೇಲೆ ಬಗ್ಗಬೇಕು. ಬಗ್ಗಿದಾಗಲೆಲ್ಲ ಆ ಏಣು ಚರ್ಮ ಕೆರೆಯುತ್ತಿತ್ತು. ಬಟ್ಟೆ ಸುತ್ತಿದರೂ ಬಿಡಲಿಲ್ಲ. ಬೆವರಿಗೆ ಗಾಯ ಉರಿಯುತ್ತಿತ್ತು.

ಆಗ ಹೆಂಗಸರು ಬರತೊಡಗಿದರು.

ಮೊದಲು ಬಂದವಳು ಓಲ್ತಿಯಾರಿಕ್ ಕಡೆಯ ಒಬ್ಬ ಮುದುಕಿ, ಹತ್ತಿ ಗಾಡಿ ಹತ್ತಿಕೊಂಡು. ಅಳಿಯ ಪತ್ರಿಕೆ ಓದಿ ನಗಾಡಿದ್ದನ್ನು ಕೇಳಿಸಿಕೊಂಡು ಬಂದಿದ್ದಳು. ತಲೆಬಟ್ಟೆಯ ಗಂಟಿನಲ್ಲಿ ಅವಳ ಮಗನ ರೊಟ್ಟಿಯಿತ್ತು. ಅವನೂ ಸುದ್ದಿಯಿಲ್ಲದೆ ಕಾಣೆ. ಕರೆಯೋ ಮೊಳೆ ಖಾಲಿ ಇರಬಾರದು ತಂಗಿ, ನಿನ್ನದು ಸಿಗೋ ತನಕ ನನ್ನದು ಇಲ್ಲಿ ಕರೀಲಿ ಎಂದಳು. ರಿಸೋಲತ್ ಅವಳನ್ನು ತಬ್ಬಿಕೊಂಡಳು. ಎರಡು ದಿನ ಬಿಟ್ಟು ಇನ್ನೊಬ್ಬಳು ಬಂದಳು. ಕಳ್ಳ ಒಮ್ಮೆ ನುಗ್ಗಿದ ಮನೆಗೆ ಮತ್ತೆ ನುಗ್ಗುವುದಿಲ್ಲ, ನಮ್ಮ ಮನೆಗಿಂತ ಇದೇ ಭದ್ರ ಎಂಬುದು ಅವಳ ವಾದ. ವಾದದಲ್ಲಿ ತಪ್ಪೇನಿತ್ತು? ಆಮೇಲೆ ಬಂದವರು ವಾದವನ್ನೂ ಮಾಡಲಿಲ್ಲ. ಒಬ್ಬಳ ಸೊಸೆ ಮನೆ ಬಿಟ್ಟು ಹೋಗಿದ್ದಳು, ಧೂಪ ಹಿಡಿಯುವವರಿಲ್ಲ. ಇನ್ನೊಬ್ಬಳ ಮನೆಯ ಗೋಡೆ ಭೂಕಂಪಕ್ಕೆ ಬಿದ್ದಿತ್ತು. ಚೇಳು ಬರೆದದ್ದು ನಗಿಸಲು, ಆದರೆ ಅಳುವವರಿಗೆ ಅದು ವಿಳಾಸವಾಯಿತು.

ಮೊಳೆ ಹೊಡೆದವಳು ಸನೋಬರ್. ಮನೆಯಲ್ಲಿ ಕೈ ಗಟ್ಟಿಯಿದ್ದವಳು ಅವಳೊಬ್ಬಳೇ ತಾನೆ? ಹೊಟ್ಟೆಗೆ ಕಟ್ಟಿದ ರೊಟ್ಟಿ ಸಪ್ಪಳವಾಗದಂತೆ ಉಸಿರು ಬಿಗಿಹಿಡಿದು, ಪೆಟ್ಟಿಗೆಯ ಮೇಲೆ ನಿಂತು ಸುತ್ತಿಗೆ ಬೀಸುತ್ತಿದ್ದಳು. ಕೆಳಗಿನಿಂದ ಹೆಂಗಸರು ಅವಳಿಗೆ ಹರಸುತ್ತಿದ್ದರು. ಗೋಡೆ ತುಂಬುತ್ತಾ ಬಂತು. ದೊಡ್ಡ ಬಾಯಿಯ ಕಚ್ಚು, ಸಣ್ಣ ಬಾಯಿಯ ಕಚ್ಚು, ಆತುರದಲ್ಲಿ ಹರಿದ ಹಾಗಿದ್ದ ಕಚ್ಚು. ಒಂದು ರೊಟ್ಟಿಯಲ್ಲಿ ಕಚ್ಚೇ ಇರಲಿಲ್ಲ. ಆ ಹುಡುಗನನ್ನು ಹತ್ತಿಯ ಹೊಲದಿಂದಲೇ ಲಾರಿ ಹತ್ತಿಸಿದ್ದರು, ಮನೆಗೆ ಬರಲು ಬಿಟ್ಟಿರಲಿಲ್ಲ. ತಾಯಿ ಸುಟ್ಟ ರೊಟ್ಟಿ ಹಾಗೇ ಪೂರ್ತಿಯಾಗಿ ಉಳಿದಿತ್ತು. ಅದಕ್ಕೆ ಮೊಳೆ ಹೊಡೆಯುವಾಗ ಸನೋಬರಳ ಸುತ್ತಿಗೆ ಜಾರಿ ಬೆರಳ ಮೇಲೆ ಬಿತ್ತು.

"ಇವರೆಲ್ಲರಿಗೂ ನೀನೇ ಅತ್ತಿಗೆ ಈಗ," ಎಂದು ರಿಸೋಲತ್ ಬೆರಳಿಗೆ ಬಟ್ಟೆ ಸುತ್ತಿದಳು. "ಬಂದಾಗ ಎಲ್ಲರಿಗೂ ನೀನೇ ಚಹಾ ಕೊಡ್ಬೇಕು."

ಸಂಜೆ ಬಂದೊಡನೆ ಈಗ ಇಡೀ ಗೋಡೆಗೆ ಸಲಾಂ. ಒಬ್ಬನನ್ನು ಕಾಯುವುದೇ ಸಾಕೆನಿಸಿದ್ದವಳು ಒಂದು ಪಟಾಲಮ್ಮನ್ನೇ ಕಾಯಬೇಕಾಯಿತು. ಶುಕ್ರವಾರ ಹೆಂಗಸರು ಬಂದು ಗೋಡೆಗೆ ಎದುರಾಗಿ ಸಾಲಾಗಿ ಕೂರುತ್ತಿದ್ದರು. ಸೊಸೆ ಅಂದ್ರೆ ಇವಳು, ನಿಯತ್ತು ಅಂದ್ರೆ ಇವಳದು ಎಂದು ತಮ್ಮ ತಮ್ಮ ಸೊಸೆಯಂದಿರನ್ನು ಬೈದುಕೊಳ್ಳುತ್ತಿದ್ದರು. ಕಳ್ಳಿಯ ಕಿವಿಗೆ ಹೊಗಳಿಕೆಗಿಂತ ಕಾದ ಸೀಸ ಬೇರೆ ಬೇಡ. ಆ ಕೋಣೆಯಲ್ಲಿ ಗಾಳಿಯೇ ಇಲ್ಲವೆಂದು ಅವಳಿಗೆ ಅನಿಸುತ್ತಿತ್ತು. ಬಾಗಿಲು ತೆರೆದೇ ಇತ್ತು, ಆದರೂ ಹಾಗೆ ಅನಿಸುತ್ತಿತ್ತು.

ಕೇರಿಯ ಜರ್ದಾಳು ಮರಗಳಲ್ಲಿ ಕಾಯಿ ಹಳದಿಗೆ ತಿರುಗಿತು. ಒಂದು ಮಧ್ಯಾಹ್ನ ಅಶೂರ್ ಬಾಯ್ಲರ್ ಕೋಣೆಯ ಬಾಗಿಲಲ್ಲಿ ಅವಳನ್ನು ತಡೆದ. ಖೊಜೆಂಟಿನವರು ಇನ್ನೊಂದು ವಾರ ಕಾಯುತ್ತಾರೆ, ಆಮೇಲೆ ಇಲ್ಲ ಎಂದು ತಿಳಿಸಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಯಾವನು ಕದ್ದನೋ ಅವನ ಮನೆ ಹಾಳಾಗಲಿ ಎಂದು ಬಾಯಿ ತೆರೆದನೋ ಇಲ್ಲವೋ, ಸನೋಬರ್ ಅವನ ಕೈ ಹಿಡಿದು ತನ್ನ ಅಂಗಿಯ ಮೇಲೆ, ಹೊಟ್ಟೆಯ ಬಳಿ ಒತ್ತಿದಳು. ಗಟ್ಟಿಯಾದದ್ದು ಕೈಗೆ ತಾಗಿತು. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಲ್ಲಿದ್ದಲ ರಾಶಿಯ ಮೇಲೆ ಕೂತುಬಿಟ್ಟ.

ಬೈಯಲಿಲ್ಲ. ತನ್ನದೇ ರೊಟ್ಟಿಯ ಕಥೆ ಹೇಳಿದ.

"ನಂದೂ ಒಂದಿತ್ತು ಸನೋಬರ್. ನಾನು ಬಂದು ತಿಂದೆ. ಏನೂ ರುಚಿ ಇರಲಿಲ್ಲ, ಮರದ ತೊಗಟೆ ಅಗಿದ ಹಾಗೆ. ಅವ್ವ ಎದುರಿಗೆ ಕೂತು ನೋಡ್ತಿದ್ಲು. ಕಾಲು ನೋಡಿದ್ಲು, ಮುಖ ನೋಡಿದ್ಲು, ಆದ್ರೂ ನಾನು ಬಂದಿದೀನಿ ಅಂತ ನಂಬಲಿಲ್ಲ. ಕೊನೇ ಚೂರು ನುಂಗಿದ ಮೇಲೆ ಅತ್ಲು." ಕೈಯ ಮಸಿ ಒರೆಸಿಕೊಂಡು ಹೇಳಿದ. "ಅದನ್ನ ಬಚ್ಚಿಟ್ರೆ ಮುಗಿಯಲ್ಲ. ಯಾರಾದ್ರೂ ತಿನ್ಲೇಬೇಕು."

ಅಂದು ಸಂಜೆ ಸನೋಬರ್ ಮನೆಗೆ ಬಂದು ಗೋಡೆಗೆ ಸಲಾಂ ಹೇಳಲಿಲ್ಲ. ಕೈಕಾಲು ತೊಳೆದು, ಊಟದ ಹಾಸು ಹಾಸಿ, ಎರಡು ಬಟ್ಟಲು ಇಟ್ಟು, ಅತ್ತೆಯನ್ನು ಕರೆದು ಕೂರಿಸಿದಳು. ಅಂಗಿಯೊಳಗೆ ಕೈ ಹಾಕಿ ಗಂಟು ಬಿಚ್ಚಿ ರೊಟ್ಟಿಯನ್ನು ಹಾಸಿನ ಮೇಲಿಟ್ಟಳು, ಮಗುಚದಂತೆ, ಮುಖ ಮೇಲಾಗಿ.

"ನಾನೇ ತೆಗೆದದ್ದು ಅವ್ವಾ. ಅಶೂರ್ ಅಕಾಗೆ ಏನೂ ಗೊತ್ತಿರಲಿಲ್ಲ. ನಾಳೆ ನಾನೇ ಠಾಣೆಗೆ ಹೋಗಿ ಹೇಳ್ತೀನಿ."

ರಿಸೋಲತ್ ರೊಟ್ಟಿ ನೋಡಿದಳು. ಆಶ್ಚರ್ಯಪಡಲಿಲ್ಲ.

"ನಿನ್ನ ಅಂಗಿ ಒಗೆಯುವಾಗ ಹೊಲಿಗೆಯಲ್ಲಿ ಪುಡಿ ಸಿಕ್ತು," ಎಂದಳು. "ಆವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಗೋಡೆ ಮೇಲಿದ್ದಾಗ ನೀನು ಬಿಟ್ಟು ಹೋಗ್ಬಹುದಿತ್ತು ಮಗಾ. ಯಾವತ್ತೋ ಒಂದಿನ ಹೋಗ್ತೀಯ ಅಂತ ನನಗೆ ಹೆದರಿಕೆ ಇತ್ತು. ಮೈಗೇ ಕಟ್ಕೊಂಡ್ಮೇಲೆ ಎಲ್ಲಿಗೆ ಹೋಗ್ತೀಯ? ಅದಕ್ಕೇ ಸುಮ್ನಿದ್ದೆ." ಮುದುಕಿ ತಲೆ ತಗ್ಗಿಸಲಿಲ್ಲ. "ಆ ಕುಂಟನ ಗುರುತುಪತ್ರ ಬೀರುವಲ್ಲೇ ಇರ್ಲಿ ಅಂತಾನೂ ಅಂದ್ಕೊಂಡೆ. ದೇವರು ಕೇಳಿದ್ರೆ ಅವನಿಗೂ ಇದನ್ನೇ ಹೇಳ್ತೀನಿ."

ಸನೋಬರಳಿಗೆ ಮೊದಲ ಬಾರಿ ಅತ್ತೆಯ ಮೇಲೆ ಸಿಟ್ಟು ಬಂತು, ಒಂಬತ್ತು ವರ್ಷದ ಸಲಾಂಗಳ ಸಿಟ್ಟು. ಅಂಗಿಯನ್ನು ಮೇಲೆತ್ತಿ ತೋರಿಸಿದಳು, ಅಷ್ಟೇ.

ಹೊಕ್ಕುಳ ಪಕ್ಕದಲ್ಲಿ ಚರ್ಮ ಕಿತ್ತು ಕೆಂಪಗಾಗಿತ್ತು. ರೊಟ್ಟಿಯ ಅಂಚು ಒತ್ತಿ ಒತ್ತಿ ಅರ್ಧಚಂದ್ರದ ಗಾಯವಾಗಿತ್ತು, ನಡುವೆ ಏಣು ಚುಚ್ಚಿದ ಜಾಗ ಆಳವಾಗಿ ಕೀವುಗಟ್ಟಿತ್ತು. ರಿಸೋಲತ್ ದೀಪ ಹತ್ತಿರ ತಂದಳು. ಎಷ್ಟೋ ವರ್ಷ ಪ್ರತಿ ಶುಕ್ರವಾರ ನೋಡಿದ ಗುರುತು ಅದು. ಬೆರಳಿನಿಂದ ಗಾಯದ ಸುತ್ತ ಮುಟ್ಟಿದಳು, ಮುರಿದ ಹಲ್ಲಿನ ಜಾಗಕ್ಕೆ ಬಂದಾಗ ಬೆರಳು ನಿಂತಿತು.

"ನನ್ನ ಮಗ ಕಚ್ಚಿದ ಹಾಗಿದೆ," ಎಂದಳು.

ಎದ್ದು ಹೋಗಿ ಕುರಿಯ ಕೊಬ್ಬು ತಂದು ಗಾಯಕ್ಕೆ ಸವರಿದಳು. ಸೊಸೆಯ ಅಂಗಿ ಇಳಿಸಿ, ನೆರಿಗೆ ಸರಿಮಾಡಿದಳು. ಆಮೇಲೆ ಬಟ್ಟಲಿಗೆ ಬಿಸಿ ಚಹಾ ಸುರಿದು ರೊಟ್ಟಿಯನ್ನು ಅದರಲ್ಲಿ ಅದ್ದಿದಳು. ಅದು ನೆನೆಯಲು ಬಹಳ ಹೊತ್ತು ಬೇಕಾಯಿತು. ಇಬ್ಬರೂ ನೋಡುತ್ತಾ ಕೂತಿದ್ದರು. ಮೆತ್ತಗಾದ ಕಡೆಯಿಂದ ಚೂರು ಚೂರೇ ಮುರಿದು, ಉಳಿದಿದ್ದ ನಾಲ್ಕು ಹಲ್ಲುಗಳಲ್ಲಿ ಅಗಿದು ರಿಸೋಲತ್ ಮಗನ ರೊಟ್ಟಿಯನ್ನು ತಿಂದಳು. ಸನೋಬರ್ ಒಂದು ಚೂರಿಗೆ ಕೈ ಚಾಚಿದಾಗ ಬೇಡವೆಂದು ಕೈ ತಳ್ಳಿದಳು. ಕಚ್ಚಿದ ಜಾಗವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದನ್ನೂ ಬಾಯಿಗಿಟ್ಟು, ನುಂಗಿ, ತುರ್ಗುನ್ ಎಂದು ಒಮ್ಮೆ ಕರೆದು ಅಳಲು ಶುರುಮಾಡಿದಳು. ಆ ಅಳು ಕೇರಿಯ ಕೊನೆಯ ಮನೆಯವರೆಗೆ ಕೇಳಿತು. ನೆರೆಯವರು ಏನೂ ಕೇಳದೆ ಓಡಿಬಂದರು, ಅಂಥ ಅಳುವಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಸನೋಬರ್ ಕೂಡ ಅತ್ತಳು. ಯಾರಿಗಾಗಿ ಎಂದು ಕೇಳಿದ್ದರೆ ಹೇಳಲು ಅವಳಿಗೂ ಕಷ್ಟವಾಗುತ್ತಿತ್ತು.

ಮರುದಿನ ರಿಸೋಲತ್ ಒಬ್ಬಳೇ ಠಾಣೆಗೆ ಹೋಗಿ, ರೊಟ್ಟಿ ಸಿಕ್ಕಿತು, ತಿಂದವಳು ನಾನೇ, ಬರೆದುಕೋ ಎಂದಳಂತೆ. ಕೋಬಿಲ್ ಏನನ್ನೂ ಬರೆಯಲಿಲ್ಲ. ಬೀರುವಿನ ಬೀಗ ತೆಗೆದು ಅಶೂರ್‌ನ ಗುರುತುಪತ್ರ ಅವಳ ಕೈಗೇ ಕೊಟ್ಟ. ಚೇಳಿಗೆ ಈ ಸುದ್ದಿ ಮುಟ್ಟಿತೋ ಇಲ್ಲವೋ, ಅಚ್ಚಂತೂ ಆಗಲಿಲ್ಲ. ಆ ವಾರ ಅವನು ಸ್ನಾನದ ಮನೆಯ ಬಾಗಿಲು ಕದ್ದವನ ಬಗ್ಗೆ ಬರೆದಿದ್ದ.

ಚಿಕ್ಕಮ್ಮ ಎರಡು ರೊಟ್ಟಿಗಳೊಂದಿಗೆ ಮತ್ತೆ ಬಂದಳು. ಗೋಡೆ ತುಂಬ ಪರರ ರೊಟ್ಟಿಗಳು ತೂಗುತ್ತಿದ್ದವು, ಆದರೆ ಮನೆಯ ಮೊಳೆ ಖಾಲಿಯಿತ್ತು. ರಿಸೋಲತ್ ಹೆಣ್ಣಿನ ತಾಯಿಯ ಜಾಗದಲ್ಲಿ ಕೂತು ರೊಟ್ಟಿ ಮುರಿದಳು. ಕೋರ್ಟಿನ ಕಾಗದವೂ ಸಿಕ್ಕಿತು, ಮದುವೆ ಸದ್ದಿಲ್ಲದೆ ಆಯಿತು. ಸನೋಬರ್ ಆ ದಿನಗಳಲ್ಲಿ ಬಾಗಿಲಾಚೆ ಬಂದು ಸುಮ್ಮನೆ ನಿಂತು ಉಸಿರಾಡುತ್ತಿದ್ದಳು. ಇಷ್ಟು ಸುಲಭವಿತ್ತೇ ಎಂದು ಅವಳಿಗೆ ನಂಬಿಕೆಯಾಗುತ್ತಿರಲಿಲ್ಲ.

ಹೊರಡುವ ಬೆಳಿಗ್ಗೆ ಅಶೂರ್ ಗಾಡಿಗೆ ಪೆಟ್ಟಿಗೆ ಏರಿಸುತ್ತಿದ್ದ. ತಂದೂರಿನ ಕಡೆಯಿಂದ ಹೊಸ ರೊಟ್ಟಿಯ ವಾಸನೆ ಬಂತು. ದಾರಿಯ ಬುತ್ತಿಗೆ ಇರಬೇಕೆಂದು ಸನೋಬರ್ ಬಟ್ಟೆ ಹಿಡಿದು ನಿಂತಳು. ರಿಸೋಲತ್ ಎರಡೂ ಕೈಯಲ್ಲಿ ಒಂದೇ ರೊಟ್ಟಿ ಹಿಡಿದುಕೊಂಡು ಬಂದು, ಹೊಸ್ತಿಲ ಮೇಲೆ ನಿಂತಿದ್ದ ಸೊಸೆಯ ಬಾಯಿಯ ಹತ್ತಿರ ತಂದಳು.

"ಕಚ್ಚು."

ಸನೋಬರ್ ಮುಖ ಹಿಂದಕ್ಕೆ ತೆಗೆದಳು. "ಅವ್ವಾ, ನಾನು ದಂಡಿಗೆ ಹೋಗ್ತಿಲ್ಲ," ಎಂದಳು.

"ಗೊತ್ತು. ಖೊಜೆಂಟ್ ಒಂದು ದಿನದ ದಾರಿ. ಕಚ್ಚು ಮಗಾ. ನನಗಿನ್ಯಾರಿದಾರೆ ಕಾಯೋಕೆ?"

ಓಡಬಹುದಿತ್ತು. ಗಾಡಿ ಹತ್ತು ಹೆಜ್ಜೆ ದೂರದಲ್ಲಿತ್ತು. ರೊಟ್ಟಿ ಬಿಸಿಯಿತ್ತು, ಬಿಸಿ ರೊಟ್ಟಿ ಹಿಡಿದು ನಿಂತವರನ್ನು ಬೇಡ ಎಂದು ತಳ್ಳುವುದು ಆ ಕೇರಿಯಲ್ಲಿ ಯಾರಿಗೂ ಕಲಿಸಿರಲಿಲ್ಲ. ಸನೋಬರ್ ಬಗ್ಗಿ ಕಚ್ಚಿದಳು. ಅವಳ ಹಲ್ಲುಗಳು ಒಂದೂ ಮುರಿದಿರಲಿಲ್ಲ, ಕಚ್ಚು ನುಣ್ಣಗೆ ಬಂತು. ರಿಸೋಲತ್ ಅದನ್ನು ತಿರುಗಿಸಿ ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಒಳಗೆ ಹೋಗಿ, ತಾನೇ ಪೆಟ್ಟಿಗೆಯ ಮೇಲೆ ಹತ್ತಿ ಹಳೆಯ ಮೊಳೆಗೆ ಕಟ್ಟಿದಳು.

"ಈಗ ಹೋಗು," ಎಂದು ಒಳಗಿನಿಂದಲೇ ಕೂಗಿದಳು.

ಆ ಗೋಡೆಯ ಮೇಲಿನ ಒಂದು ರೊಟ್ಟಿಯೂ ಈವರೆಗೆ ಯಾರನ್ನೂ ಮನೆಗೆ ಕರೆತಂದಿರಲಿಲ್ಲ. ಅದನ್ನು ಸನೋಬರಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಗಾಡಿಯಿಂದಿಳಿದು ಹತ್ತಿದ ರೈಲು ಹೊರಟು, ಹಿಪ್ಪುನೇರಳೆ ಸಾಲುಗಳು ಹಿಂದೆ ಸರಿದು, ಊರು ಕಣ್ಮರೆಯಾದ ಮೇಲೂ ಅವಳು ಬಾಯಲ್ಲಿದ್ದ ಆ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಲೇ ಇದ್ದಳು. ಎದುರಿಗೆ ಕೂತಿದ್ದ ಅಶೂರ್ ಏನು ತಿನ್ನುತ್ತಿದ್ದೀಯ ಎಂದು ಕೇಳಿದ. ಅವಳು ಏನೂ ಇಲ್ಲವೆಂದು ತಲೆಯಾಡಿಸಿ, ಹೊಟ್ಟೆಯ ಮೇಲಿನ ಮಾಗದ ಗಾಯದ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು.